ಮೂವತ್ತು ವರ್ಷ ಯಾರೂ ಕೇಳದ ಕಾಲುನೋವು

ನಮ್ಮೂರ ಬಸ್ ಸ್ಟ್ಯಾಂಡಿನ ಹಿಂಭಾಗ, ಸೈಕಲ್ ಸ್ಟ್ಯಾಂಡಿಗೆ ಅಂಟಿಕೊಂಡ ಹಾಗೆ ಇರುವ ಟೀ ಅಂಗಡಿಗೆ ದಿನಾ ಸಂಜೆ ಐದಕ್ಕೆ ಒಬ್ಬ ಹಿರಿಯರು ಬಂದು ಕೂರುತ್ತಾರೆ. ಬಣ್ಣ ಹೋದ ಹಸಿರು ಸ್ವೆಟರು, ಬಾಗದ ಬೆನ್ನು, ಸಕ್ಕರೆ ಕಮ್ಮಿ ಟೀ. ಊರಿಗೆಲ್ಲ ಅವರು ‘ಮಿಲಿಟರಿ ತಾತ’. ಬೆಂಗಳೂರಿನ ಎಂ.ಇ.ಜಿ., ಅಂದರೆ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಸೇತುವೆ ಕಟ್ಟೋದು, ಮೈನು ಕೀಳೋದು ಅವರ ಕೆಲಸ. 1971ರ ಯುದ್ಧ ಕಂಡವರು. ಅವರು ‘ಆವಾಗ ಏನಾಯ್ತು ಅಂದ್ರೆ...’ ಅಂತ ಬಾಯಿ ತೆಗೆದರೆ ಸಾಕು, ಬೆಂಚಿನ ಮೇಲಿದ್ದ ಹುಡುಗರು ‘ಬಸ್ಸು ಬಂತು’ ಅಂತ ಎದ್ದು ಹೋಗುತ್ತಾರೆ. ಬಸ್ಸು ಬಂದಿರೋದಿಲ್ಲ. ಹಾಗೆ ಎದ್ದು ಹೋದವರಲ್ಲಿ ಈ ವರದಿಗಾರನೂ ಒಬ್ಬ. ಸುಳ್ಳು ಯಾಕೆ ಹೇಳಬೇಕು!

ಈ ಅಂಕಣದಲ್ಲಿ ಸಾಮಾನ್ಯವಾಗಿ ಚರಂಡಿ, ಸಂತೆ ಸುಂಕ, ಕೆಟ್ಟ ಬೀದಿದೀಪ ಇಂಥವೇ ಬರುತ್ತವೆ. ಈ ಸಲ ಅವೆಲ್ಲ ಬಿಟ್ಟು ಅಮೆರಿಕದ ಕೆಲವು ಮುದುಕರ ಸುದ್ದಿ ಬರೆಯುತ್ತಿದ್ದೇವೆ. ‘ಇವನಿಗೇನಪ್ಪ ಬಂತು, ನಮ್ಮ ರಸ್ತೆ ಗುಂಡಿ ಬಿಟ್ಟು ಅಮೆರಿಕಕ್ಕೆ ಹೋದ’ ಅಂತ ಓದುಗರು ಬೈಯಬಹುದು. ಬೈಯಲಿ. ಆದರೆ ಕೊನೆವರೆಗೆ ಓದಿ ಆಮೇಲೆ ಬೈಯಲಿ. ಗುಂಡಿ ಎಲ್ಲಿಗೂ ಓಡಿ ಹೋಗೋದಿಲ್ಲ.

ಅಮೆರಿಕದಲ್ಲಿ ‘ಮರೀನ್’ ಅಂತ ಒಂದು ಪಡೆ ಇದೆ. ನೌಕಾಪಡೆಯ ಇಲಾಖೆಗೆ ಸೇರಿದ್ದು, ಆದರೆ ಹಡಗಿನಿಂದ ಇಳಿದು ನೆಲದ ಮೇಲೆ ಕಾದಾಡುವ ಸೈನಿಕರು. ಅವರ ಲೆಕ್ಕದಲ್ಲಿ ಈ ಪಡೆ ಹುಟ್ಟಿದ್ದು 1775ರ ನವೆಂಬರ್ 10ಕ್ಕೆ. ಪ್ರತಿ ವರ್ಷ ಆ ದಿನ ಎಲ್ಲೇ ಇದ್ದರೂ ಕೇಕು ಕತ್ತರಿಸುತ್ತಾರೆ. ಅಲ್ಲಿ ಹಾಜರಿರುವ ಅತಿ ಹಿರಿಯ ಮರೀನ್‌ಗೆ ಒಂದು ತುಂಡು, ಅವನ ಕೈಯಿಂದ ಅತಿ ಕಿರಿಯ ಮರೀನ್‌ಗೆ ಒಂದು ತುಂಡು. ಹಳಬನ ಅನುಭವ ಹೊಸಬನಿಗೆ ದಾಟಬೇಕು ಅನ್ನೋದು ಇದರ ಅರ್ಥವಂತೆ. ಒಮ್ಮೆ ಮರೀನ್ ಆದವನು ಸಾಯೋವರೆಗೂ ಮರೀನೇ, ‘ಮಾಜಿ’ ಅಂತ ಕರೆದರೆ ಅವರಿಗೆ ಸಿಟ್ಟು ಬರುತ್ತದೆ.

ಕೇಳೋಕೆ ಚೆನ್ನಾಗಿದೆ. ಆದರೆ ಇಷ್ಟೆಲ್ಲ ಅಭಿಮಾನ ಇರೋ ಆ ಪಡೆಯವರೇ, ತಮ್ಮ ಅತಿ ದೊಡ್ಡ ಹೋರಾಟವೊಂದರ ಬಗ್ಗೆ ಮೂವತ್ತು ವರ್ಷ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಅದು ಕೊರಿಯಾ ಯುದ್ಧ. 1950ರ ಜೂನ್ 25ಕ್ಕೆ ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯ ಹೆಸರಿನಲ್ಲಿ ಅಮೆರಿಕ ಮತ್ತು ಇತರ ದೇಶಗಳು ಇಳಿದವು. ನವೆಂಬರ್ ಹೊತ್ತಿಗೆ ಉತ್ತರದ ಬೆಟ್ಟಗಳ ನಡುವೆ ಒಂದು ದೊಡ್ಡ ಜಲಾಶಯದ ದಂಡೆಗೆ ಒಂದನೇ ಮರೀನ್ ಡಿವಿಜನ್ ಹೋಗಿ ಕೂತಿತ್ತು. ಕೊರಿಯಾದವರು ಆ ಕೆರೆಗೆ ಚಾಂಗ್‌ಜಿನ್ ಅಂತಾರೆ. ಅಮೆರಿಕದವರ ಕೈಲಿದ್ದ ನಕ್ಷೆ ಹಳೇ ಜಪಾನೀ ನಕ್ಷೆ, ಅದರಲ್ಲಿ ‘ಚೋಸಿನ್’ ಅಂತ ಇತ್ತು. ಆ ತಪ್ಪು ಹೆಸರೇ ಇತಿಹಾಸಕ್ಕೆ ಅಂಟಿಕೊಂಡಿತು. ನವೆಂಬರ್ 27ರ ರಾತ್ರಿ ಚೀನಾದ ಸೈನ್ಯ ಬೆಟ್ಟದ ಮೇಲಿಂದ ಇಳಿಯಿತು. ಬಂದ ದಾರಿ ಒಂದೇ, ಅದೂ ಕತ್ತಿಯಂಚಿನ ಹಾಗಿನ ಕಣಿವೆ ರಸ್ತೆ. ಕೆರೆಯ ಪಶ್ಚಿಮ ತುದಿಯಿಂದ ಸಮುದ್ರಕ್ಕೆ ಸುಮಾರು 125 ಕಿಲೋಮೀಟರು. ಸುತ್ತ ನಾಲ್ಕೂ ಕಡೆ ಶತ್ರು.

ಆದರೆ ಆ ಮುದುಕರು ಈಗ ನೆನಪು ಹೇಳುವಾಗ ಶತ್ರುವಿನ ಮಾತು ಎರಡನೇದು. ಮೊದಲನೇ ಮಾತು ಚಳಿ.

ನಮ್ಮಲ್ಲಿ ಡಿಸೆಂಬರಿನಲ್ಲಿ ಹದಿನೈದು ಡಿಗ್ರಿಗೆ ಬಂದರೆ ಮಂಕಿ ಕ್ಯಾಪು, ಮಫ್ಲರು, ಕಂಬಳಿ. ಅಲ್ಲಿ ರಾತ್ರಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ, ಕೆಲವು ರಾತ್ರಿ ಇನ್ನೂ ಕೆಳಗೆ. ಡಬ್ಬಿಯ ಊಟ ಕಲ್ಲು. ಗಾಯಾಳುಗಳಿಗೆ ಕೊಡುವ ರಕ್ತದ ಪ್ಲಾಸ್ಮಾ ಬಾಟಲಿಯಲ್ಲೇ ಹೆಪ್ಪುಗಟ್ಟಿತು. ನೋವು ನಿಲ್ಲಿಸೋ ಮಾರ್ಫಿನ್ ಚುಚ್ಚುಮದ್ದಿನ ಸಣ್ಣ ಟ್ಯೂಬುಗಳನ್ನು ವೈದ್ಯಕೀಯ ಸಿಬ್ಬಂದಿ ತಮ್ಮ ಬಾಯೊಳಗೆ ಇಟ್ಟುಕೊಂಡು ಓಡಾಡಿದರು, ಬಾಯಿ ಬಿಸಿಗಾದರೂ ಕರಗಿರಲಿ ಅಂತ. ಬಂದೂಕಿನ ಎಣ್ಣೆ ಗಟ್ಟಿಯಾಗಿ ಕುದುರೆ ಎಳೆದರೆ ಗುಂಡು ಹಾರದು. ಜೀಪಿನ ಎಂಜಿನ್ ಆರಿಸಿದರೆ ಮತ್ತೆ ಹತ್ತದು. ಒಂದೇ ಒಂದು ಉಪಕಾರ ಅಂದರೆ, ಗಾಯದ ರಕ್ತವೂ ಬೇಗ ಹೆಪ್ಪುಗಟ್ಟಿ ಕೆಲವರ ಜೀವ ಉಳಿಯಿತು ಅಂತ ಅವರೇ ಹೇಳುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಕಾಲಿನದು. ಅವರಿಗೆ ಕೊಟ್ಟಿದ್ದು ಕೆಳಗೆ ರಬ್ಬರು, ಮೇಲೆ ಚರ್ಮ ಇರೋ ಬೂಟು. ನಡೆದರೆ ಒಳಗೆ ಬೆವರು. ನಿಂತರೆ ಆ ಬೆವರೇ ಮಂಜುಗಡ್ಡೆ. ಚಪ್ಪಲಿ ಅಂಗಡಿ ಇಟ್ಟಿರೋ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಜೊತೆ ಒಣ ಕಾಲುಚೀಲ ಹೊಟ್ಟೆಗೆ ಅಂಟಿಸಿ ಇಟ್ಟುಕೊಂಡು, ಸಿಕ್ಕಾಗ ಬದಲಾಯಿಸಬೇಕು ಅಂತ ಆಜ್ಞೆ. ಮೇಲಿಂದ ಗುಂಡು ಬೀಳ್ತಾ ಇರುವಾಗ ಬೂಟು ಬಿಚ್ಚೋದು ಯಾವಾಗ? ಟೋಕ್‌ಟಾಂಗ್ ಅನ್ನೋ ಕಣಿವೆಯ ದಾರಿಯನ್ನು ಕ್ಯಾಪ್ಟನ್ ವಿಲಿಯಂ ಬಾರ್ಬರ್ ಅವರ ಫಾಕ್ಸ್ ಕಂಪನಿ ಐದು ರಾತ್ರಿ ಹಿಡಿದು ನಿಂತಿತು. ಇದ್ದವರು ಎರಡುನೂರ ನಲವತ್ತರಷ್ಟು ಮಂದಿ. ಕೊನೆಗೆ ತಮ್ಮ ಕಾಲ ಮೇಲೆ ನಡೆದು ಬಂದವರು ನೂರಕ್ಕೂ ಕಮ್ಮಿ. ಬಾರ್ಬರ್‌ಗೆ ಕಾಲಿಗೇ ಗುಂಡು ಬಿತ್ತು, ಸ್ಟ್ರೆಚರ್ ಮೇಲೆ ಮಲಗಿ ಆಜ್ಞೆ ಕೊಟ್ಟರು. ಅದೇ ಕಂಪನಿಯ ಹೆಕ್ಟರ್ ಕಫೆರಾಟ ಅನ್ನೋ ಸಿಪಾಯಿ ಮೊದಲ ರಾತ್ರಿ ನಿದ್ದೆಚೀಲದಿಂದ ಎದ್ದವನೇ ಬೂಟು ಹಾಕೋಕೂ ಪುರುಸೊತ್ತಿಲ್ಲದೆ, ಬರೀ ಕಾಲುಚೀಲದಲ್ಲಿ ಹಿಮದ ಮೇಲೆ ಬೆಳಗಿನವರೆಗೆ ಹೋರಾಡಿದ. ಪಕ್ಕದಲ್ಲಿದ್ದ ಗೆಳೆಯನ ಕಣ್ಣು ಸ್ಫೋಟದಿಂದ ಆ ಹೊತ್ತಿಗೆ ಕಾಣಿಸುತ್ತಿರಲಿಲ್ಲ. ಅವನು ಕೈ ತಡವಿ ಬಂದೂಕಿಗೆ ಗುಂಡು ತುಂಬಿ ಕೊಡ್ತಿದ್ದ, ಇವನು ಹೊಡೀತಿದ್ದ. ಇಬ್ಬರೂ ಬದುಕಿ ಬಂದರು. ಬಾರ್ಬರ್ ಮತ್ತು ಕಫೆರಾಟ ಇಬ್ಬರಿಗೂ 1952ರಲ್ಲಿ ಅಮೆರಿಕದ ಅತ್ಯುಚ್ಚ ಪದಕ ಬಂತು.

ಇನ್ನು ಅಂಗಡಿಯವರು ಕೇಳಲೇಬೇಕಾದ ಒಂದು ಕಥೆ ಇದೆ. ಅಮೆರಿಕದಲ್ಲಿ ‘ಟೂಟ್ಸಿ ರೋಲ್’ ಅಂತ ಒಂದು ಅಗ್ಗದ ಚಾಕಲೇಟು ಮಿಠಾಯಿ, ನಮ್ಮ ಗಾಜಿನ ಭರಣಿಯ ಮಿಠಾಯಿ ಥರ. ಮಾರ್ಟರ್ ಗುಂಡುಗಳಿಗೆ ವೈರ್‌ಲೆಸ್‌ನಲ್ಲಿ ಗುಟ್ಟಿನ ಹೆಸರಾಗಿ ಇದನ್ನೇ ಬಳಸುತ್ತಿದ್ದರಂತೆ. ‘ಟೂಟ್ಸಿ ರೋಲ್ ಕಳಿಸಿ’ ಅಂತ ಬೇಡಿಕೆ ಹೋಯಿತು. ಆ ಕಡೆ ಇದ್ದವನಿಗೆ ಗುಟ್ಟು ಗೊತ್ತಿಲ್ಲ. ವಿಮಾನದಿಂದ ಪ್ಯಾರಾಚೂಟಲ್ಲಿ ಬಿದ್ದದ್ದು ಡಬ್ಬಿಗಟ್ಟಲೆ ಮಿಠಾಯಿ! ಬೈಕೊಂಡೇ ಬಾಯಿಗೆ ಹಾಕಿದರು. ಆ ಚಳಿಯಲ್ಲಿ ಬಾಯಲ್ಲಿ ಕರಗುವ ಆಹಾರ ಅದೊಂದೇ. ಅಗಿದು ಮೆದುವಾದದ್ದನ್ನು ತೂತು ಬಿದ್ದ ಪೈಪಿಗೆ, ಪೆಟ್ರೋಲ್ ಟ್ಯಾಂಕಿಗೆ ಮೆತ್ತಿದರೆ ಕ್ಷಣದಲ್ಲಿ ಕಬ್ಬಿಣದ ಹಾಗೆ ಗಟ್ಟಿಯಾಗಿ ಸೋರಿಕೆ ನಿಂತಿತು. ಹೀಗೆ ಆ ಮುದುಕರು ಹೇಳುತ್ತಾರೆ. ಇನ್ನು ಕೆಲವರು, ಇಲ್ಲಪ್ಪ, ಮಿಠಾಯಿ ಮಾಮೂಲಿ ಸರಕಿನ ಜೊತೆಗೇ ಬಂದಿತ್ತು, ಗುಟ್ಟಿನ ಹೆಸರಿನ ಕಥೆ ಆಮೇಲೆ ಬೆಳೆದದ್ದು ಅಂತಾರೆ. ಯಾವುದು ನಿಜ? ನಮ್ಮ ಟೀ ಅಂಗಡಿಯಲ್ಲಿ ಕಳೆದ ಚುನಾವಣೆಯ ಕಥೆಯೇ ನಾಲ್ಕು ಥರ ಇದೆ. ಅದಕ್ಕೇ ಒಬ್ಬರ ನೆನಪು ಸಾಲದು, ಹತ್ತು ಜನರದ್ದು ಕೇಳಬೇಕು. ಅವರು ಮಿಠಾಯಿ ತಿಂದು ಬದುಕಿದ್ದಂತೂ ಎಲ್ಲರೂ ಒಪ್ಪುವ ಮಾತು.

ಅವರು ಹೊರಗೆ ಬಂದ ಬಗೆಯೂ ದೊಡ್ಡದು. ಹಗಾರು ಅನ್ನೋ ಹಳ್ಳಿಯಲ್ಲಿ ಎಂಜಿನಿಯರುಗಳು ಹೆಪ್ಪುಗಟ್ಟಿದ ನೆಲವನ್ನು ರಾತ್ರಿ ದೀಪ ಹಾಕ್ಕೊಂಡು ಬುಲ್ಡೋಜರಿನಲ್ಲಿ ಕೆರೆದು ವಿಮಾನ ಇಳಿಯೋ ಪಟ್ಟಿ ಮಾಡಿದರು. ಅಲ್ಲಿಂದ ನಾಲ್ಕು ಸಾವಿರಕ್ಕೂ ಮೀರಿ ಗಾಯಾಳುಗಳನ್ನು ಸಾಗಿಸಲಾಯಿತು. ಕೆಳಗಿನ ಫುಂಚಿಲಿನ್ ಘಾಟಿಯಲ್ಲಿ ಚೀನೀಯರು ಸೇತುವೆ ಹಾರಿಸಿಬಿಟ್ಟಿದ್ದರು. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಪಾತಾಳ. ಡಿಸೆಂಬರ್ 7ರಂದು ಒಂದೊಂದು ಟನ್ನಿಗೂ ಮೀರಿದ ತೂಕದ ಎಂಟು ಸೇತುವೆ ತುಂಡುಗಳನ್ನು ವಿಮಾನದಿಂದ ಪ್ಯಾರಾಚೂಟಲ್ಲಿ ಇಳಿಸಿದರು. ಒಂದು ಚೀನೀಯರ ಕಡೆ ಬಿತ್ತು, ಒಂದು ಹಾಳಾಯಿತು, ಉಳಿದದ್ದರಲ್ಲಿ ಸೇತುವೆ ಆಯಿತು. ಡಿವಿಜನ್ ಮುಖ್ಯಸ್ಥ ಜನರಲ್ ಆಲಿವರ್ ಸ್ಮಿತ್ ಇದನ್ನು ಹಿಮ್ಮೆಟ್ಟುವಿಕೆ ಅಂತ ಕರೆಯೋಕೆ ಒಪ್ಪಲಿಲ್ಲ. ಸುತ್ತಲೂ ಶತ್ರು ಇರುವಾಗ ಯಾವ ದಿಕ್ಕಿಗೆ ಹೋದರೂ ಅದು ದಾಳಿಯೇ ಅಂತ ಅವರ ವಾದ. ಸರಿಯಾದ ವಾದವೇ.

ಲೆಕ್ಕ ಹಾಕಿದಾಗ ಆ ಡಿವಿಜನ್ನಿನಲ್ಲಿ ಗುಂಡಿನಿಂದ ಸತ್ತವರು, ಗಾಯಗೊಂಡವರು, ಕಾಣೆಯಾದವರು ನಾಲ್ಕು ಸಾವಿರಕ್ಕೂ ಮೇಲೆ. ಗುಂಡು ಬೀಳದೆಯೇ ಕೆಲಸಕ್ಕೆ ಬಾರದಂತಾದವರು ಏಳು ಸಾವಿರಕ್ಕೂ ಮೇಲೆ. ಅವರಲ್ಲಿ ಬಹುಪಾಲು ಫ್ರಾಸ್ಟ್‌ಬೈಟ್, ಅಂದರೆ ಹಿಮ ಕಚ್ಚಿದ ಕೈಕಾಲು.

1953ರ ಜುಲೈ 27ಕ್ಕೆ ಕದನ ವಿರಾಮ ಆಯಿತು. ಗೆದ್ದದ್ದೂ ಅಲ್ಲ, ಸೋತದ್ದೂ ಅಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದವರಿಗೆ ಸಿಕ್ಕಿದ ಮೆರವಣಿಗೆ ಇವರಿಗೆ ಇರಲಿಲ್ಲ. ಅಮೆರಿಕದಲ್ಲಿ ಅದಕ್ಕೆ ‘ಮರೆತ ಯುದ್ಧ’ ಅಂತಲೇ ಹೆಸರು ಬಿತ್ತು. ಇವರು ಊರಿಗೆ ಬಂದು ಗ್ಯಾರೇಜು, ಅಂಚೆ ಕಚೇರಿ, ಕಾರ್ಖಾನೆ ಸೇರಿದರು. ಮದುವೆ, ಮಕ್ಕಳು. ಯುದ್ಧದ ಮಾತು ಆಡಲಿಲ್ಲ. ಹೆಂಡತಿಗೆ ಗೊತ್ತಿದ್ದದ್ದು ಇಷ್ಟೇ: ಯಜಮಾನರು ಚಳಿಗಾಲದಲ್ಲಿ ಎರಡು ಮೂರು ಕಾಲುಚೀಲ ಹಾಕ್ಕೊಂಡು ಮಲಗ್ತಾರೆ, ರಾತ್ರಿ ಕಾಲು ಉಜ್ಜಿಕೊಳ್ತಾರೆ.

1983ರಲ್ಲಿ ಅಲ್ಲಿಂದ ಬದುಕಿ ಬಂದ ಕೆಲವರು ಸೇರಿ ‘ಚೋಸಿನ್ ಫ್ಯೂ’ ಅಂತ ಒಂದು ಸಂಘ ಕಟ್ಟಿದರು. ‘ಚೋಸಿನ್ನಿನ ಕೆಲವೇ ಮಂದಿ’ ಅಂತ ಅರ್ಥ. ಮರೀನ್‌ಗಳು ಮಾತ್ರ ಅಲ್ಲ, ಅಲ್ಲಿದ್ದ ಭೂಸೇನೆಯವರು, ನೌಕಾಪಡೆಯವರು, ಬ್ರಿಟಿಷ್ ರಾಯಲ್ ಮರೀನ್‌ಗಳು ಎಲ್ಲರಿಗೂ ಅದರಲ್ಲಿ ಜಾಗ. ಸಂಘದ ಗುರುತು ಒಂದು ನಕ್ಷತ್ರ. ಕೊಟೊ ಅನ್ನೋ ಹಳ್ಳಿಯಲ್ಲಿ ಸಿಕ್ಕಿಕೊಂಡಿದ್ದಾಗ ಒಂದು ರಾತ್ರಿ ಹಿಮ ಸುರಿಯೋದು ನಿಂತು, ಮೋಡದ ಸಂದಿಯಲ್ಲಿ ಒಂದು ನಕ್ಷತ್ರ ಕಾಣಿಸಿತಂತೆ. ನಾಳೆ ವಿಮಾನ ಬರ್ತದೆ ಅಂತ ಆಗ ಗೊತ್ತಾಯಿತು.

ಇಂಥ ಸಂಘ ಅಂದರೆ ಏನು ಮಾಡ್ತಾರೆ? ನಮ್ಮ ಹಳೇ ವಿದ್ಯಾರ್ಥಿಗಳ ಸಂಘದ ಥರ ಊಟ, ಫೋಟೋ, ಹಾರ. ಅವರೂ ಅದನ್ನೇ ಮಾಡಿದರು. ಆದರೆ ಊಟದ ಮೇಜಿನ ಸುತ್ತ ಕೂತಾಗ ಮೂವತ್ತು ವರ್ಷದ ಬಾಯಿಬೀಗ ಬಿಚ್ಚಿತು. ಹೆಂಡತಿಗೆ ಹೇಳದ್ದನ್ನು ಪಕ್ಕದವನಿಗೆ ಹೇಳಿದರು. ಅವನಿಗೆ ಬಿಡಿಸಿ ಹೇಳಬೇಕಿಲ್ಲವಲ್ಲ, ಅವನೂ ಅಲ್ಲೇ ಇದ್ದ. ಹಾಗೆ ಮಾತಾಡ್ತಾ ಮಾತಾಡ್ತಾ ಒಂದು ವಿಷಯ ಹೊರಗೆ ಬಂತು. ನನಗೆ ಕಾಲ ಉಗುರು ನೆಟ್ಟಗೆ ಬೆಳೆಯೋದೇ ಇಲ್ಲ. ನನಗೂ. ನನಗೆ ಪಾದ ಜೋಮು. ನನಗೂ. ನನಗೆ ಬೇಸಿಗೆಯಲ್ಲೂ ಬೆರಳು ತಣ್ಣಗೆ, ಕೀಲು ನೋವು, ಹಳೇ ಕಲೆ ಇದ್ದ ಕಡೆ ಚರ್ಮ ಕೆಡ್ತಿದೆ. ನನಗೂ!

ಒಬ್ಬೊಬ್ಬನೂ ಇದು ತನಗೆ ಮಾತ್ರ ಬಂದ ವಯಸ್ಸಿನ ರೋಗ ಅಂದುಕೊಂಡಿದ್ದ. ಮಾಜಿ ಸೈನಿಕರ ಇಲಾಖೆಗೆ ಅರ್ಜಿ ಹಾಕಿದ್ದವರಿಗೆ ಬಂದ ಪ್ರಶ್ನೆ, ‘ದಾಖಲೆ ಎಲ್ಲಿ?’ ದಾಖಲೆ ಎಲ್ಲಿಂದ ತರೋದು? ಬೆರಳು ಕಪ್ಪಾದವನು ಆಸ್ಪತ್ರೆಗೆ ಹೋಗಲಿಲ್ಲ, ಬಂದೂಕು ಹಿಡಿದು ಮುಂದೆ ನಡೆದ. ಡೇರೆಯಲ್ಲಿ ಸಾಯುತ್ತಿರುವವರ ಹೆಸರು ಬರೆದುಕೊಳ್ಳೋಕೇ ಕೈ ಬಾರದ ಚಳಿ, ಇನ್ನು ಕಾಲುಬೆರಳಿನವರ ಚೀಟಿ ಬರೆಯೋರು ಯಾರು? ಇಲಾಖೆಯ ಲೆಕ್ಕದಲ್ಲಿ ಕಾಗದ ಇಲ್ಲ ಅಂದರೆ ನೋವೂ ಇಲ್ಲ. ಪಿಂಚಣಿ ಕಚೇರಿಯ ಕಿಟಕಿಯ ಮುಂದೆ ನಿಂತ ಅನುಭವ ಇರೋ ಯಾರಿಗೂ ಇದು ಹೊಸ ಸಂಗತಿ ಅಲ್ಲ. ಅಮೆರಿಕವೇ ಆಗಲಿ ನಮ್ಮ ತಾಲ್ಲೂಕು ಕಚೇರಿಯೇ ಆಗಲಿ, ಕಿಟಕಿಯ ಆ ಕಡೆ ಕೂತವನ ಮಾತು ಒಂದೇ.

ಆಗ ಈ ಸಂಘ ಸುಮ್ಮನೆ ಕೂರಲಿಲ್ಲ. ಒಬ್ಬನ ನೆನಪಿಗೆ ಇನ್ನೊಬ್ಬ ಸಾಕ್ಷಿ ಆದ. ‘ಇವನ ಪಕ್ಕದ ಗುಂಡಿಯಲ್ಲಿ ನಾನಿದ್ದೆ, ಇವನ ಕಾಲು ನಾನು ನೋಡಿದ್ದೇನೆ’ ಅನ್ನೋ ಮಾತು ಬರಹಕ್ಕೆ ಇಳಿಯಿತು. ಹಿಮ ಕಚ್ಚಿದ ಗಾಯ ಮಾಯ್ದ ಮೇಲೂ ನರ, ಕೀಲು, ಚರ್ಮ ಹತ್ತಾರು ವರ್ಷದ ನಂತರ ಕೆಡುತ್ತವೆ ಅನ್ನೋದನ್ನು ಮತ್ತೆ ಮತ್ತೆ ಇಲಾಖೆಯ ಮುಂದಿಟ್ಟರು. 1990ರ ದಶಕದಲ್ಲಿ ಇಲಾಖೆ ಕಿವಿಗೊಟ್ಟಿತು. 1998ರಿಂದ ಚಳಿಯ ಗಾಯದ ದೀರ್ಘಕಾಲದ ತೊಂದರೆಗಳನ್ನು ಅಳೆಯುವ ಹೊಸ ನಿಯಮ ಜಾರಿಗೆ ಬಂತು. ಯುದ್ಧ ಆಗಿ ನಲವತ್ತೇಳು ವರ್ಷಕ್ಕೆ! ಅಷ್ಟರಲ್ಲಿ ಎಷ್ಟು ಜನ ಹೋಗಿಬಿಟ್ಟಿದ್ದರೋ. ಇದ್ದವರಿಗಾದರೂ ಪರಿಹಾರದ ಹಣ, ಔಷಧಿ ಸಿಗೋ ಹಾಗಾಯಿತು. ಊಟದ ಮೇಜಿನ ಹರಟೆಯಿಂದ!

ಹಣದ್ದು ಒಂದು. ಮಾನದ್ದು ಇನ್ನೊಂದು, ಅದು ಇನ್ನೂ ದೊಡ್ಡದು.

ಕೆರೆಯ ಪಶ್ಚಿಮಕ್ಕೆ ಮರೀನ್‌ಗಳು ಇದ್ದರೆ, ಪೂರ್ವಕ್ಕೆ ಅಮೆರಿಕದ ಭೂಸೇನೆಯ ಒಂದು ತುಕಡಿ ಇತ್ತು. ಸುಮಾರು 3,200 ಮಂದಿ, ಅದರಲ್ಲಿ ಕೆಲವು ನೂರು ಕೊರಿಯನ್ನರು. ಮೊದಲ ಮುಖ್ಯಸ್ಥ ಕಾಣೆಯಾದ. ಆಮೇಲೆ ವಹಿಸಿಕೊಂಡ ಲೆಫ್ಟಿನೆಂಟ್ ಕರ್ನಲ್ ಡಾನ್ ಫೇತ್ ಸತ್ತರು. ಗಾಯಾಳುಗಳ ಲಾರಿ ಸಾಲು ರಸ್ತೆಯಲ್ಲೇ ನಾಶವಾಯಿತು. ಉಳಿದವರು ಹೆಪ್ಪುಗಟ್ಟಿದ ಕೆರೆಯ ಮೇಲೆ ತೆವಳಿಕೊಂಡು, ಕುಂಟಿಕೊಂಡು ಮರೀನ್‌ಗಳ ಕಡೆ ಬಂದರು. ಆಲಿನ್ ಬೀಲ್ ಅನ್ನೋ ಮರೀನ್ ಅಧಿಕಾರಿ ಜೀಪು, ಜಾರುಬಂಡಿ ತಗೊಂಡು ಆ ಗಾಜಿನಂಥ ಮಂಜಿನ ಮೇಲೆ ಹೋಗಿ ಹೋಗಿ ಮುನ್ನೂರಕ್ಕೂ ಹೆಚ್ಚು ಜನರನ್ನು ಎತ್ತಿ ತಂದರು. ಬಂದವರಲ್ಲಿ ಮತ್ತೆ ಬಂದೂಕು ಹಿಡಿಯೋ ಸ್ಥಿತಿಯಲ್ಲಿದ್ದವರು ನಾಲ್ಕುನೂರಕ್ಕೂ ಕಮ್ಮಿ.

ಇಷ್ಟಾದರೂ ಅವರಿಗೆ ಬಂದ ಹೆಸರೇನು? ‘ಬಂದೂಕು ಬಿಸಾಕಿ ಓಡಿಬಂದವರು.’ ಮರೀನ್ ಡಿವಿಜನ್‌ಗೆ ರಾಷ್ಟ್ರಾಧ್ಯಕ್ಷರ ಪ್ರಶಸ್ತಿ ಪತ್ರ ಬಂದಾಗ ಈ ತುಕಡಿಯನ್ನು ಪಟ್ಟಿಯಿಂದ ಬಿಟ್ಟರು. ಆ ಮನುಷ್ಯರು ನಲವತ್ತೆಂಟು ವರ್ಷ ಆ ಕಳಂಕ ಹೊತ್ತು ಬದುಕಿದರು. ಆಮೇಲೆ ಬದುಕುಳಿದವರ ನೆನಪುಗಳನ್ನು ಒಂದೊಂದಾಗಿ ಜೋಡಿಸಿ, ಚೀನಾ ಕಡೆಯ ದಾಖಲೆ ಜೊತೆ ತಾಳೆ ನೋಡಿದಾಗ ಗೊತ್ತಾದದ್ದು ಏನು ಅಂದರೆ, ಇವರು ಆ ನಾಲ್ಕೈದು ದಿನ ಚೀನಾದ ದೊಡ್ಡ ಬಲವನ್ನು ಪೂರ್ವ ದಂಡೆಯಲ್ಲೇ ತಡೆದು ಹಿಡಿದಿದ್ದರು. ಅವರು ಅಲ್ಲಿ ಸಾಯದಿದ್ದರೆ ಹಗಾರು ಉಳಿಯೋದು ಕಷ್ಟವಿತ್ತು. ಹಗಾರು ಹೋಗಿದ್ದರೆ ಮರೀನ್‌ಗಳ ದಾರಿಯೂ ಮುಚ್ಚುತ್ತಿತ್ತು. ಕೊನೆಗೆ 1999ರಲ್ಲಿ ಅದೇ ಪ್ರಶಸ್ತಿ ಪತ್ರ ಇವರಿಗೂ ಸಿಕ್ಕಿತು. ಫೇತ್ ಅವರ ಮೂಳೆಗಳನ್ನು 2012ರಲ್ಲಿ ಗುರುತಿಸಿ, 2013ರಲ್ಲಿ ಆರ್ಲಿಂಗ್ಟನ್‌ನಲ್ಲಿ ಮಣ್ಣು ಮಾಡಿದರು. ಮಾತಾಡದೆ ಸತ್ತವರು ಹೇಡಿಗಳಾಗಿಯೇ ಸತ್ತರು ಅನ್ನೋದು ಮಾತ್ರ ಎದೆಗೆ ಚುಚ್ಚುತ್ತದೆ.

ಎದುರಾಳಿಗಳ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಚೀನಾದ ಸಿಪಾಯಿಗಳು ದಕ್ಷಿಣದ ಬೆಚ್ಚನೆ ಊರುಗಳಿಂದ ತೆಳು ಹತ್ತಿ ಅಂಗಿ, ಬಟ್ಟೆ ಬೂಟಿನಲ್ಲಿ ಬಂದವರು. ಅವರ ಲೆಕ್ಕದಲ್ಲೇ ಸುಮಾರು 30 ಸಾವಿರ ಮಂದಿಗೆ ಹಿಮ ಕಚ್ಚಿತು. ಬಂದೂಕು ಗುರಿ ಇಟ್ಟ ಭಂಗಿಯಲ್ಲೇ ಹೆಪ್ಪುಗಟ್ಟಿ ಸತ್ತವರ ಕಥೆ ಅವರಲ್ಲಿದೆ. 2021ರಲ್ಲಿ ಆ ಕೆರೆಯ ಹೆಸರಿನ ಸಿನಿಮಾ ಚೀನಾದಲ್ಲಿ ಭರ್ಜರಿ ಓಡಿತು. ಅಲ್ಲಿನ ಮುದುಕರೂ ಕಾಲು ಉಜ್ಜಿಕೊಂಡೇ ಮಲಗಿರಬೇಕು.

ಮರೀನ್‌ಗಳು ಸಮುದ್ರ ತೀರದ ಹುಂಗ್ನಾಮ್ ಬಂದರಿಗೆ ಬಂದಾಗ ಅವರ ಹಿಂದೆಯೇ ಹೆಣ್ಣು, ಮಕ್ಕಳು, ಮುದುಕರು, ತಲೆ ಮೇಲೆ ಗಂಟು. ಡಿಸೆಂಬರ್ 24ರ ಒಳಗೆ ಸುಮಾರು ಒಂದು ಲಕ್ಷ ಸೈನಿಕರ ಜೊತೆ, ಹತ್ತಿರ ಹತ್ತಿರ ಅಷ್ಟೇ ಸಂಖ್ಯೆಯ ಜನಸಾಮಾನ್ಯರನ್ನೂ ಹಡಗು ಹತ್ತಿಸಿದರು. ಮೆರೆಡಿತ್ ವಿಕ್ಟರಿ ಅನ್ನೋ ಸರಕಿನ ಹಡಗಿನಲ್ಲಿ ಹತ್ತೆರಡು ಪ್ರಯಾಣಿಕರಿಗೆ ಜಾಗ. ಕ್ಯಾಪ್ಟನ್ ಲಿಯೊನಾರ್ಡ್ ಲಾರೂ ಹತ್ತಿಸಿಕೊಂಡದ್ದು ಸುಮಾರು 14 ಸಾವಿರ. ಹಬ್ಬದ ದಿನದ ನಮ್ಮ ಖಾಸಗಿ ಬಸ್ಸಿನ ಕಂಡಕ್ಟರ್ ಕೂಡ ನಾಚಬೇಕು! ದಾರಿಯಲ್ಲಿ ಒಬ್ಬರೂ ಸಾಯಲಿಲ್ಲ, ಐದು ಕೂಸು ಹುಟ್ಟಿದವು. ಆ ಹಡಗಿನಲ್ಲಿ ಬಂದ ಒಂದು ದಂಪತಿಗೆ 1953ರಲ್ಲಿ ಹುಟ್ಟಿದ ಮಗ ಮೂನ್ ಜೇ ಇನ್, 2017ರಿಂದ 2022ರವರೆಗೆ ದಕ್ಷಿಣ ಕೊರಿಯಾದ ರಾಷ್ಟ್ರಾಧ್ಯಕ್ಷರಾಗಿದ್ದರು. ಅಧ್ಯಕ್ಷರಾಗಿ 2017ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಹೋದಾಗ ಅವರು ಮೊದಲು ಹೋದದ್ದು ವರ್ಜೀನಿಯಾದಲ್ಲಿರುವ ಚೋಸಿನ್ ಸ್ಮಾರಕಕ್ಕೆ. ಅಲ್ಲಿದ್ದ ಹಳೇ ಸೈನಿಕರಿಗೆ ಕೈ ಮುಗಿದು, ನೀವು ಇಲ್ಲದಿದ್ದರೆ ನಾನು ಇವತ್ತು ಇಲ್ಲಿ ಇರುತ್ತಿರಲಿಲ್ಲ ಅನ್ನೋ ಅರ್ಥದ ಮಾತಾಡಿದರು. ತಾವು ಮಾಡಿದ್ದರಿಂದ ಏನು ಫಲ ಬಂತು ಅಂತ ಆ ಮುದುಕರಿಗೆ ಗೊತ್ತಾಗೋಕೆ ಅರವತ್ತಾರು ವರ್ಷ ಬೇಕಾಯಿತು.

‘ಇದರಲ್ಲಿ ನಮ್ಮವರು ಎಲ್ಲಿ ಬಂದರು?’ ಅಂತ ಕೇಳೋರಿಗೆ ಹೇಳ್ತೀವಿ, ಬಂದಿದ್ದಾರೆ. ಅದೇ ಚಳಿಗಾಲ ಕೊರಿಯಾದಲ್ಲಿ ಭಾರತದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಇತ್ತು, ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ಅವರ ಕೈಕೆಳಗೆ. ಡಿಸೆಂಬರಿನಲ್ಲಿ ಪ್ಯಾಂಗ್‌ಯಾಂಗ್ ಬಿಟ್ಟು ಎಲ್ಲರೂ ದಕ್ಷಿಣಕ್ಕೆ ಓಡುವಾಗ ಇವರು ಆಸ್ಪತ್ರೆ ಸಾಮಾನು ಬಿಟ್ಟು ಬರೋಕೆ ಒಪ್ಪಲಿಲ್ಲ. ಒಂದು ಹಳೇ ಉಗಿಬಂಡಿ ಹಿಡಿದು, ಕೈಯಿಂದ ಕೈಗೆ ನೀರು ಸಾಗಿಸಿ ತುಂಬಿ, ತಾವೇ ಓಡಿಸಿಕೊಂಡು ಬಂದರು. ಇನ್ನು ಯುದ್ಧ ನಿಂತ ಮೇಲೆ, ನಾವು ನಮ್ಮ ದೇಶಕ್ಕೆ ವಾಪಸು ಹೋಗೋದಿಲ್ಲ ಅಂತ ಹಟ ಹಿಡಿದ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿಕೊಳ್ಳೋ ತಲೆನೋವು ಬಂದದ್ದು ಯಾರ ಪಾಲಿಗೆ? ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರ ಪಾಲಿಗೆ! ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ 1953ರಿಂದ 1954ರವರೆಗೆ ಅವರು ಅಲ್ಲಿದ್ದರು. ಎರಡೂ ಕಡೆಯವರಿಂದ ಬೈಸಿಕೊಂಡರು, ಗುಂಡು ಹಾರಿಸದೆ ಕೆಲಸ ಮುಗಿಸೋಕೆ ಹೆಣಗಿದರು. ಎರಡೂ ಕಡೆಗೆ ಹೋಗಲೊಲ್ಲದ 88 ಮಂದಿ ಕೈದಿಗಳು ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು. ತಿಮ್ಮಯ್ಯನವರು ಆ ಅನುಭವ ಬರೆದಿಟ್ಟಿದ್ದರಿಂದ 1981ರಲ್ಲಿ ಅದು ಪುಸ್ತಕವಾಯಿತು, ಅವರು 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡ ಹದಿನಾರು ವರ್ಷದ ಮೇಲೆ. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ಮ್ಯೂಸಿಯಂ. ಆ ಕಡೆ ಹೋದವರು ನೋಡಿ ಬನ್ನಿ.

ಜನರಲ್‌ಗೆ ಪುಸ್ತಕ, ಮ್ಯೂಸಿಯಂ. ಸರಿ. ಅವರ ಕೈಕೆಳಗೆ ಕೊರಿಯಾದ ಚಳಿಯಲ್ಲಿ ಮುಳ್ಳುತಂತಿ ಕಾದ ಐದು ಸಾವಿರಕ್ಕೂ ಮಿಕ್ಕಿದ ಸಿಪಾಯಿಗಳ ಮಾತನ್ನು ಕೂತು ಬರೆದುಕೊಂಡವರು ಎಷ್ಟು ಜನ?

ಅಮೆರಿಕದಲ್ಲಿ 2000ದಲ್ಲಿ ಇದಕ್ಕೇ ಒಂದು ಕಾನೂನು ಮಾಡಿದರು. ಅವರ ಸಂಸತ್ತಿನ ಗ್ರಂಥಾಲಯ ಹಳೇ ಸೈನಿಕರ ನೆನಪುಗಳನ್ನು ಸಂಗ್ರಹಿಸಬೇಕು ಅಂತ. ಹೋಗಿ ಕೂತು ಕೇಳೋರು ದೊಡ್ಡ ವಿದ್ವಾಂಸರಲ್ಲ. ಮೊಮ್ಮಗ, ಪಕ್ಕದ ಮನೆಯವರು, ಶಾಲೆಯ ಹುಡುಗರು. ಕನಿಷ್ಠ ಮೂವತ್ತು ನಿಮಿಷ ಮಾತು ಧ್ವನಿಮುದ್ರಣ ಆಗಿರಬೇಕು, ಅಷ್ಟೇ ನಿಯಮ. ಒಂದು ಲಕ್ಷಕ್ಕೂ ಹೆಚ್ಚು ಮಂದಿಯದ್ದು ಅಲ್ಲಿ ಸೇರಿದೆ. ಬಹಳಷ್ಟನ್ನು ಮೊಬೈಲಿನಲ್ಲೇ ಕೇಳಬಹುದು. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನ ಇಂಗ್ಲಿಷು ಬಸ್ಸಿನ ಬೋರ್ಡು ಓದೋಷ್ಟರದ್ದು. ಕಾಲೇಜಿಗೆ ಹೋಗೋ ತಂಗಿಯನ್ನು ಪಕ್ಕ ಕೂರಿಸಿಕೊಂಡು ಎರಡು ರಾತ್ರಿ ಕೇಳಿದ್ದಾಯಿತು. ಮುದುಕರು ಮಾತಿನ ಮಧ್ಯೆ ನಿಂತುಬಿಡ್ತಾರೆ. ಗೆಳೆಯನ ಹೆಸರು ಬಂದ ಕಡೆ ನಿಲ್ತಾರೆ. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ.

ಮಾರನೇ ದಿನ ಟೀ ಅಂಗಡಿಗೆ ಹೋಗಿ, ಈ ಸಲ ಎದ್ದು ಓಡೋಕೆ ಅಲ್ಲ, ತಾತನ ಪಕ್ಕ ಕೂತೆ. ಪ್ಯಾರಾಚೂಟಲ್ಲಿ ಸೇತುವೆ ಇಳಿಸಿದ ಕಥೆ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು. ‘ಎಂಟು ಇಳಿಸಿದ್ರಾ? ಒಂದೊಂದಕ್ಕೆ ಎಷ್ಟು ಪ್ಯಾರಾಚೂಟು? ಕೆಳಗೆ ಆಧಾರಕ್ಕೆ ಮರದ ದಿಮ್ಮಿ ಕೊಟ್ಟಿದ್ರಾ? ಟ್ಯಾಂಕು ದಾಟ್ತಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಶುರು ಮಾಡಿದರು. 1971ರ ಡಿಸೆಂಬರು, ಪಶ್ಚಿಮ ಗಡಿ, ರಾತ್ರಿ, ಹೊಟ್ಟೆ ಮೇಲೆ ತೆವಳಿಕೊಂಡು ಕಡ್ಡಿಯಿಂದ ಮಣ್ಣು ಚುಚ್ಚಿ ಚುಚ್ಚಿ ಮೈನು ಹುಡುಕಿದ್ದು. ಎಡಗಡೆ ಇದ್ದವನ ಊರು, ಅವನ ಹೊಸ ಮದುವೆ, ಅವನು ಬೀಡಿ ಹಂಚಿಕೊಳ್ತಿದ್ದ ಬಗೆ. ಅವನ ಹೆಸರು ಬಂದ ಕಡೆ ಇವರೂ ನಿಂತರು. ಎಡಗಿವಿ ಅವತ್ತಿನಿಂದ ಕೇಳೋದಿಲ್ಲವಂತೆ. ಅದಕ್ಕೆ ಕಾಗದ ಇಲ್ಲ. ಅರ್ಜಿಯನ್ನೂ ಹಾಕಿಲ್ಲ. ‘ಹೊಡೆತ ತಿಂದವರ ಮುಂದೆ ನಂದೇನು ದೊಡ್ಡದು’ ಅಂದರು.

ಈ ತಾತನ ಕಿವಿಯ ವಿಚಾರ ಹತ್ತು ವರ್ಷದಿಂದ ದಿನಾ ಅವರ ಪಕ್ಕ ಟೀ ಕುಡಿಯೋ ಯಾರಿಗೂ ಗೊತ್ತಿರಲಿಲ್ಲ. ಕರೆದರೆ ತಿರುಗೋದಿಲ್ಲ, ಮಿಲಿಟರಿ ಜಂಬ ಅಂದುಕೊಂಡಿದ್ದೆವು.

ನಮ್ಮ ತಾಲ್ಲೂಕಿನಲ್ಲಿ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು, ಎಟಿಎಂ ಮುಂದೆ ಸ್ಟೂಲು ಹಾಕಿ ಕೂತವರು, ಊರಲ್ಲಿ ಜಮೀನು ನೋಡಿಕೊಂಡಿರೋರು, ಇಂಥ ಮಾಜಿ ಸೈನಿಕರು ಎಷ್ಟು ಮಂದಿ ಇದ್ದಾರೋ. ಆಗಸ್ಟ್ 15ಕ್ಕೆ ಶಾಲು ಹೊದಿಸಿ, ಫೋಟೋ ತೆಗೆಸಿ, ‘ಎರಡು ಮಾತು’ ಅಂತ ಮೈಕು ಕೊಟ್ಟು, ಒಂದೂವರೆ ಮಾತಿಗೆ ಕಿತ್ತುಕೊಳ್ತೀವಿ. ಅಧ್ಯಕ್ಷರ ಭಾಷಣಕ್ಕೆ ಹೊತ್ತಾಯಿತಲ್ಲ! ಹೈಸ್ಕೂಲಿನ ಮೇಷ್ಟರುಗಳು ಮನಸ್ಸು ಮಾಡಿದರೆ, ಒಬ್ಬ ಸೈನಿಕರ ಮನೆಗೆ ಇಬ್ಬರು ಹುಡುಗರಂತೆ ಮೊಬೈಲು ಕೊಟ್ಟು ಕಳಿಸಬಹುದು. ಅರ್ಧ ಗಂಟೆಯ ಕೆಲಸ. ಬರೆದದ್ದನ್ನು ಊರಿನ ಗ್ರಂಥಾಲಯದ ಕಪಾಟಿನಲ್ಲಿ ಇಡಬಹುದು. ಅಲ್ಲಿ ಜಾಗಕ್ಕೇನೂ ಬರ ಇಲ್ಲ. ಪಿಂಚಣಿ, ಗಾಯದ ಅರ್ಜಿ ಇರೋರಿಗೆ ಜೊತೆಯಲ್ಲಿದ್ದವರ ಹೇಳಿಕೆ ನಾಳೆ ಕೆಲಸಕ್ಕೂ ಬಂದೀತು. ಜೊತೆಯವರು ಬದುಕಿರುವಾಗಲೇ ಅದು ಆಗಬೇಕು.

ಯಾರೂ ಶುರು ಮಾಡೋವರೆಗೆ ಕಾಯೋದು ಬೇಡ ಅಂತ ನಾವೇ ಶುರು ಮಾಡಿದ್ದೇವೆ. ಪತ್ರಿಕೆ ಮೂರೂವರೆಗೆ ಅಚ್ಚಾಗಿ ಹೋಗುತ್ತದೆ, ಐದರ ಮೇಲೆ ನಮ್ಮ ಕಚೇರಿಯ ಉದ್ದನೆ ಮೇಜು ಖಾಲಿ. ಸೋಮವಾರ, ಗುರುವಾರ ಯಾವ ಮಾಜಿ ಸೈನಿಕರೇ ಆಗಲಿ ಬಂದು ಕೂತು ಮಾತಾಡಬಹುದು. ಜೊತೆಗೆ ಹಳೇ ಗೆಳೆಯರಿದ್ದರೆ ಕರಕೊಂಡು ಬನ್ನಿ, ಹಳೇ ಫೋಟೋ, ಕಾಗದ ಇದ್ದರೆ ತನ್ನಿ. ಬರೆದುಕೊಳ್ಳೋದು ನಮ್ಮದು, ಟೀ ನಮ್ಮದು. ಕಚೇರಿ ಮಾಳಿಗೆ ಮೇಲಿದೆ, ಹದಿನಾರು ಮೆಟ್ಟಿಲು. ಕಾಲು ನೋವಿರೋರು ಹತ್ತಬೇಡಿ, ಕೆಳಗಿನ ಬೀಡಾ ಅಂಗಡಿಯಲ್ಲಿ ಹೇಳಿ ಕಳಿಸಿ, ನಾವೇ ಇಳಿದು ಬರ್ತೀವಿ.